ಗುಳಿಗೆ ಬಿಟ್ಟ ವೈನಿ

ಮೊನ್ನೆ ಅಕ್ಕನ ಮಗಳ ಕುಬಸಕ್ಕೆ, ಅಂದರೆ ಸೀಮಂತಕ್ಕೆ, ಜಂಪರಿನ ಖಣ ತರಲು ಪೇಟೆಗೆ ಹೋಗಿದ್ದೆ. ಅಂಗಡಿಯವ ಹಸಿರು ಖಣವೊಂದನ್ನು ಝಾಡಿಸಿ ಮುಂದೆ ಹರವಿದ. ಗಂಜಿಯ ಆ ಹೊಸ ವಾಸನೆ ಮೂಗಿಗೆ ಬಡಿದದ್ದೇ ತಡ, ಪಕ್ಕದ ಮನೆಯ ವೈನಿ ಕಣ್ಣ ಮುಂದೆ ಬಂದಳು. "ಬಣ್ಣ ಮನಸಿಗಿ ಬರಲಿಲ್ಲೇನ್ರಿ ಅಕ್ಕಾರ?" ಎಂದು ಅವನು ಕೇಳುವವರೆಗೆ ಸುಮ್ಮನೆ ನಿಂತೇ ಇದ್ದೆ.

ವೈನಿ ಎಂದರೆ ಅತ್ತಿಗೆ, ಆದರೆ ಸಂಬಂಧದಲ್ಲಿ ಆಕೆ ನನಗೆ ಏನೂ ಅಲ್ಲ. ಭೋಜದಿಂದ ನಿಪ್ಪಾಣಿಗೆ, ನಮ್ಮ ಓಣಿಗೆ ಸೊಸೆಯಾಗಿ ಬಂದವಳು. ಜಂಪರ್ ಹೊಲಿಯುತ್ತಿದ್ದಳು. ಓಣಿಯ ಹೆಂಗಸರ ಅಳತೆಯೆಲ್ಲ ಅವಳಿಗೆ ಬಾಯಿಪಾಠ. "ಯಾಕ ಬೇ, ದೀಪಾವಳಿ ಉಂಡಿ ಎಲ್ಲಾ ನೀ ಒಬ್ಬಾಕಿನ ತಿಂದೇನ?" ಎಂದು ಟೇಪು ಹಿಡಿದುಕೊಂಡೇ ನನ್ನ ಮಾನ ಕಳೆಯುತ್ತಿದ್ದಳು. ಗಂಡ ತಂಬಾಕಿನ ವಖಾರಿಯಲ್ಲಿ ಕೆಲಸಕ್ಕಿದ್ದ ಸಾದಾ ಮನುಷ್ಯ. ಮಕ್ಕಳಿರಲಿಲ್ಲ. ಆಗಲೇ ವೈನಿಯ ಎದೆಯಲ್ಲಿ ಗಂಟು ಸಿಕ್ಕಿತು...

ಮಿರಜದಲ್ಲಿ ಆಪರೇಶನ್ ಆಗಿ ಒಂದು ಮೊಲೆ ಹೋಯಿತು, ಕಿಮೋದಲ್ಲಿ ಕೂದಲೂ ಹೋದವು. ಆಮೇಲೆ ದಿನಕ್ಕೊಂದು ಹಾರ್ಮೋನಿನ ಗುಳಿಗೆ. ರೋಗ ಮರಳದಿರಲೆಂದು ಅದನ್ನು ವರ್ಷಗಟ್ಟಲೆ ನುಂಗಬೇಕು, ನುಂಗುವಷ್ಟು ಕಾಲ ಬಸಿರಾಗುವಂತಿಲ್ಲ. ಎರಡು ವರ್ಷ ನುಂಗಿದ ಮೇಲೆ ಒಂದು ದಿನ ನನ್ನನ್ನು ಜತೆಗೆ ಕರೆದುಕೊಂಡು ಮಿರಜಕ್ಕೆ ಹೋದಳು. ಗಂಡ ಡಾಕ್ಟರರ ಮುಂದೆ ಬಾಯಿ ಬಿಡುವವನಲ್ಲ, ನಾನು ಬಾಯಿ ಮುಚ್ಚುವವಳಲ್ಲ ಎನ್ನುವುದು ಅವಳಿಗೆ ಗೊತ್ತಿತ್ತು.

ಡಾಕ್ಟರರು ಎಲ್ಲ ತಪಾಸಣೆ ಮಾಡಿಸಿ, ಗುಳಿಗೆ ಕೆಲಕಾಲ ನಿಲ್ಲಿಸಿ ಕೂಸಿಗೆ ಪ್ರಯತ್ನ ಮಾಡಬಹುದು ಎಂದರು. ಕೂಸಾದ ಮೇಲೆ ಮತ್ತೆ ಶುರು ಮಾಡಲೇಬೇಕು. "ಏನೂ ಆಗಂಗಿಲ್ಲಲ್ರಿ ಸರ?" ಎಂದು ವೈನಿ ಕೇಳಿದಳು. ಅವರು ಪೆನ್ನು ಕೆಳಗಿಟ್ಟು, ಹಾಗೆಂದು ಮಾತು ಕೊಡಲು ತಮ್ಮಿಂದ ಆಗದು ಎಂದರು. ಮರುದಿನದಿಂದ ವೈನಿ ಗುಳಿಗೆ ಬಿಟ್ಟಳು.

ಮನೆಯಲ್ಲಿ ಗಂಡನಿಗೊಬ್ಬನಿಗೇ ವಿಷಯ ಹೇಳಿದಳು. ಅತ್ತೆಗೆ ಕಂಡದ್ದು ಇಷ್ಟೇ: ಸೊಸೆ ಗುಳಿಗೆ ಬಿಟ್ಟಿದ್ದಾಳೆ. ನಮ್ಮ ಮಂದಿಯ ಲೆಕ್ಕ ನಿಮಗೆ ಗೊತ್ತಲ್ಲ, ಗುಳಿಗೆ ನಿಂತಿತೆಂದರೆ ಬ್ಯಾನಿ ಹೋಯಿತು! ಮುದುಕಿ ಹರಕೆ ತೀರಿಸಲು ಹೋಳಿಗೆ ಮಾಡಿಸಿ, ಐದು ಜನ ಮುತ್ತೈದೆಯರನ್ನು ಕರೆದು, ಸೊಸೆಗೆ ಉಡಿ ತುಂಬಿಸಿದಳು. "ನಮ್ಮ ಸೊಸಿಗಿ ಪೂರಾ ಆರಾಮ ಆತ್ರಿ" ಎಂದು ಓಣಿಗೆಲ್ಲ ಹೇಳಿದಳು. ವೈನಿ ನಗುತ್ತಾ ಕೂತಿದ್ದಳು. ಹಿತ್ತಲಿಗೆ ಬಂದವಳೇ ನನ್ನ ರಟ್ಟೆ ಹಿಡಿದಳು.

"ನನಗ ಭಾಳ ಅಂಜಿಕಿ ಬರಾಕತ್ತೈತಿ."

"ಮತ್ತ ಇದ್ದದ್ದು ಹೇಳಿಬಿಡು."

"ಹೇಳಿದ್ರ ನಾಳಿನಿಂದ ತಾವ ನಿಂತು ಗುಳಿಗಿ ನುಂಗಸ್ತಾರ. ಕೂಸಿಗಿಂತ ನಾ ಇರೋದ ಬೇಕ ಅವರಿಗಿ. ನೀ ಬಾಯಿ ಬಿಡಬ್ಯಾಡ."

ನಾನು ಬಾಯಿ ಬಿಡಲಿಲ್ಲ. ಆದರೆ ಆ ತಿಂಗಳುಗಳು... ಮುಟ್ಟಾದರೆ ಅಳು, ಬೆನ್ನು ಹಿಡಿದರೆ ಅಂಜಿಕೆ. ಸಾದಾ ಕೆಮ್ಮಿಗೂ ಅವಳ ಮುಖ ಬಿಳಿಚುತ್ತಿತ್ತು. ಹೊಲಿಯುತ್ತಿದ್ದವಳು ಮಷೀನು ನಿಲ್ಲಿಸಿ ಉಳಿದ ಎದೆಯನ್ನು, ಕಂಕುಳನ್ನು ಒತ್ತಿ ಒತ್ತಿ ನೋಡಿಕೊಳ್ಳುತ್ತಿದ್ದಳು. "ಇಲ್ಲಿ ಏನರ ಹತ್ತತೈತೇನ ನೋಡ" ಎಂದು ನನ್ನ ಕೈ ಎಳೆದು ಇಟ್ಟುಕೊಳ್ಳುತ್ತಿದ್ದಳು. ನನಗೇನು ತಿಳಿಯುತ್ತದೆ ಮಣ್ಣು! ಏನೂ ಇಲ್ಲ ಎನ್ನುತ್ತಿದ್ದೆ. ರಾತ್ರಿ ನನಗೂ ನಿದ್ದೆ ಬರುತ್ತಿರಲಿಲ್ಲ.

ಕಡೆಗೂ ಮುಟ್ಟು ನಿಂತಿತು. ಏಳನೇ ತಿಂಗಳಲ್ಲಿ ಭೋಜದ ತವರಿನವರು ಕುಬಸ ಮಾಡಲು ಬಂದರು. ಆ ದಿನ ತೊಡುವ ಹಸಿರು ಖಣದ ಜಂಪರನ್ನು ಬೇರೆಯವರಿಗೆ ಕೊಡದೆ, ಒಂದು ಕಡೆ ಅರಳೆ ತುಂಬಿ ತಾನೇ ಹೊಲಿದುಕೊಂಡಿದ್ದಳು. ಹೆಣ್ಣು ಕೂಸು ಹುಟ್ಟಿತು. ಉಳಿದ ಒಂದೇ ಮೊಲೆಯ ಹಾಲು ಕುಡಿಸಿದಳು, ಡಾಕ್ಟರರು ಹೇಳಿದಷ್ಟು ದಿನ. ಆಮೇಲೆ ಹಾಲು ಬಿಡಿಸಿ ಮತ್ತೆ ಗುಳಿಗೆ ಬಾಯಿಗೆ ಹಾಕಿಕೊಂಡಳು.

ಅತ್ತೆ ಎದೆ ಬಡಿದುಕೊಂಡಳು, ಬ್ಯಾನಿ ಮತ್ತೆ ಬಂತೆಂದು. ಆಗ ವೈನಿ ಎಲ್ಲವನ್ನೂ ಹೇಳಿದಳು. ಮುದುಕಿ ಕೂಸನ್ನು ಎತ್ತಿಕೊಂಡು, "ನನಗ ಹೇಳಿದ್ರ ನಾ ಬಿಡತಿದ್ದಿಲ್ಲ" ಎಂದಳು.

"ಅದಕ್ಕ ಹೇಳಲಿಲ್ಲರೀ ಅತ್ತೀ" ಎಂದಳು ವೈನಿ.

ಮಗಳು ಶಾಲೆಗೆ ಹೋಗುವವರೆಗೆ ವೈನಿ ಚೆನ್ನಾಗಿಯೇ ಇದ್ದಳು. ಆಮೇಲೆ ಬೆನ್ನು ಹಿಡಿಯಿತು, ಈ ಸಲ ಅದು ಬರೀ ಬೆನ್ನು ನೋವಾಗಿರಲಿಲ್ಲ, ಬ್ಯಾನಿ ಮರಳಿತ್ತು. ಗುಳಿಗೆ ಬಿಡದಿದ್ದರೂ ಇದು ಬರಬಹುದಿತ್ತು, ಬಿಟ್ಟದ್ದರಿಂದಲೇ ಬಂತೆಂದು ಯಾರೂ ಹೇಳಲಾಗದು ಎಂದರು ಡಾಕ್ಟರರು. ವೈನಿ ಅದನ್ನು ನಂಬಿದಳೋ ಇಲ್ಲವೋ... ನಾನು ಕೇಳಲಿಲ್ಲ. ಹೋದ ವರ್ಷ ಹೋದಳು.

ಮೊನ್ನೆ ಪೇಟೆಯಿಂದ ಬಂದಾಗ ಅವಳ ಮಗಳು ನಮ್ಮ ಕಟ್ಟೆಯ ಮೇಲೆ ಕೂತಿದ್ದಳು. ಈಗ ನಾಲ್ಕನೇ ತರಗತಿ. ಅತ್ತು ಅತ್ತು ಮುಖ ಊದಿತ್ತು.

"ಕಾಕು, ಅವ್ವ ನನ್ನ ಸಲುವಾಗಿ ಗುಳಿಗಿ ಬಿಟ್ಟು ಸತ್ಲಂತ, ಹೌದೇನ್ರಿ? ಅಜ್ಜಿ ಅಳಕೋತ ಅಂದ್ಲು."

ಮುದುಕಿಯ ಮೇಲೆ ಸಿಟ್ಟು ನೆತ್ತಿಗೇರಿತು. ತಡೆದುಕೊಂಡು ಪಕ್ಕದಲ್ಲಿ ಕೂತೆ.

"ಗುಳಿಗಿ ಬಿಟ್ಟಾಗ ನೀ ಎಲ್ಲಿದ್ದಿ? ಇನ್ನೂ ಹುಟ್ಟೇ ಇದ್ದಿಲ್ಲ. ನೀ ಹ್ಯಾಂಗ ಬಿಡಸ್ತಿ? ಆಕಿಗಿ ನೀ ಬೇಕಾಗಿದ್ದಿ, ಆಕಿ ಬಿಟ್ಲು. ಸತ್ತಿದ್ದು ಬ್ಯಾನಿಲಿಂದ. ನಿನ್ನಿಂದ ಅಲ್ಲ."

ಮೂಗು ಒರೆಸಿಕೊಂಡು ಯೋಚನೆ ಮಾಡಿದಳು. ಆಮೇಲೆ ನನ್ನ ಸೆರಗು ಎಳೆದು, "ಇದನ್ನ ಅಜ್ಜಿಗೂ ಹೇಳ್ತೀರೇನ್ರಿ?" ಎಂದಳು.

ಅವಳ ಕೈ ಹಿಡಿದುಕೊಂಡು ಪಕ್ಕದ ಮನೆಗೆ ನಡೆದೆ. ಈ ಮಾತನ್ನು ಹೇಳಬೇಕಾದವಳು ನಾನಲ್ಲ. ಹೇಳಬೇಕಾದವಳು ಇಲ್ಲವಲ್ಲ.