ಹೊಸ ಪರದೆಯ ಮೇಲಿನ ನವಿಲು

ಇವತ್ತು ಬೆಳಿಗ್ಗೆ ನಮ್ಮ ಆಫೀಸಿಗೆ ಹೊಸ ಕಂಪ್ಯೂಟರುಗಳು ಬಂದವು. ಪೆಟ್ಟಿಗೆ ಬಿಚ್ಚಿದೊಡನೆ ಥರ್ಮಾಕೋಲಿನ, ಹೊಸ ಪ್ಲಾಸ್ಟಿಕ್ಕಿನ ವಾಸನೆ ಕೋಣೆಯೆಲ್ಲ ತುಂಬಿತು. ನಿಮಗೆ ಅದು ಬರೀ ವಾಸನೆ ಅನ್ನಿಸಬಹುದು. ನನಗೆ ಮಾತ್ರ ಅದು ಮೂಗಿಗೆ ಬಡಿದರೆ ಬೆನ್ನು ತಾನಾಗಿಯೇ ಕೊಂಚ ನೆಟ್ಟಗಾಗುತ್ತದೆ.

ನಮ್ಮದು ದೊಡ್ಡಬಳ್ಳಾಪುರದ ಒಂದು ಸೀರೆ ಡಿಸೈನ್ ಆಫೀಸು. ಸೆರಗು, ಅಂಚು, ಬುಟ್ಟಾ ಎಲ್ಲವನ್ನೂ ಇಲ್ಲಿ ಕಂಪ್ಯೂಟರಿನಲ್ಲಿ ಬರೆಯುತ್ತೇವೆ. ಹಿಂದಿನ ಶೆಡ್ಡಿನ ಮಗ್ಗಗಳು ಅದರಂತೆ ನೇಯುತ್ತವೆ. ‘ಬರೆಯುತ್ತೇವೆ’ ಅಂದದ್ದು ಸ್ವಲ್ಪ ದೊಡ್ಡ ಮಾತಾಯಿತು. ನಾನು ಮಾವಿನಕಾಯಿ ಬರೆದರೆ ಅದು ಗೋಡಂಬಿಯಾಗುತ್ತದೆ. ಕುಂದಾಣದ ರಾಗಿ ಹೊಲದ ಕಡೆಯಿಂದ ಬಂದ ನನಗೆ ಇಲ್ಲಿ ಸಿಕ್ಕಿದ್ದು ಯಂತ್ರಗಳ ಉಸ್ತುವಾರಿ. ಬರೆಯುವವರು ನಾಗರತ್ನಕ್ಕ. ನೇಕಾರರ ಮನೆಯವರು, ಮಗ್ಗದ ಸದ್ದಿಲ್ಲದ ಊರಿಗೆ ಹೋದರೆ ನಿದ್ದೆಯೇ ಬರುವುದಿಲ್ಲ ಎನ್ನುತ್ತಾರೆ.

ಕೆಲವು ವರ್ಷಗಳ ಹಿಂದೆ, ಮದುವೆಯ ಸೀಸನ್ ಹತ್ತಿರವಿದ್ದಾಗ, ಯಜಮಾನರು ಕಂಪ್ಯೂಟರುಗಳನ್ನೆಲ್ಲ ಬದಲಾಯಿಸಲು ಹೊರಟರು. ಅಂಥ ಜವಾಬ್ದಾರಿ ನನ್ನ ಮೇಲೆ ಬಿದ್ದದ್ದು ಅದೇ ಮೊದಲು. ಅಂಗಡಿಯವರು ಬಂದು ಅಗಲ ಪರದೆಯ ಹೊಸ ಕಂಪ್ಯೂಟರುಗಳನ್ನು ಜೋಡಿಸಿ ಹೋದರು. ಹಳೆಯವನ್ನು ಅಂದೇ ಸಾಗಿಸಿಬಿಡಿ ಎಂದರು ಯಜಮಾನರು. ಒಂದಾದರೂ ಇರಲಿ ಎಂದು ನಾನು ಹಟ ಹಿಡಿದೆ. ಗೊಣಗಿಕೊಂಡೇ ಒಪ್ಪಿದರು.

ಹೊಸದರಲ್ಲಿ ಬರೆದ ಮೊದಲ ಸೀರೆ ಮಗ್ಗದಿಂದ ಇಳಿಯಿತು. ಸೆರಗಿನ ತುಂಬ ನವಿಲಿರಬೇಕಿತ್ತು. ಇದ್ದದ್ದು ಕೊಕ್ಕರೆ! ಸೊರಗಿದ, ಉದ್ದ ಕತ್ತಿನ ಕೊಕ್ಕರೆಗಳು.

“ನಾಗರತ್ನಮ್ಮಂಗೆ ಕಣ್ಣು ಮಂಜಾಗಿದೆ ಕಣಮ್ಮ. ಮನೇಲಿ ಆರಾಮಾಗಿರ್ಲಿ. ಬೆಂಗಳೂರಿಂದ ಬೇರೆಯವ್ರನ್ನ ಕರೆಸ್ತೀನಿ,” ಎಂದರು ಯಜಮಾನರು, ಅಕ್ಕನೆದುರಿಗೇ.

ಯಜಮಾನರು ಹೋದ ಮೇಲೆ ನಾಗರತ್ನಕ್ಕ ನನ್ನ ಕಡೆ ತಿರುಗಿದರು. “ಇದ್ರಲ್ಲಿ ನವಿಲು ಊದ್ಕೊಂಡಂಗೆ ಕಾಣ್ತಿತ್ತು ಕಣೇ. ಅದಕ್ಕೇ ಸಣ್ಣ ಮಾಡ್ದೆ. ನನ್ ಕಣ್ಣೇ ಹೋಯ್ತೇನೋ.”

‘ಊದ್ಕೊಂಡಂಗೆ’ ಎಂಬ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು. ಅವರದೇ ಒಂದು ಹಳೆಯ ನವಿಲನ್ನು ಹಳೆಯ, ಹೊಸ ಎರಡೂ ಕಂಪ್ಯೂಟರುಗಳಲ್ಲಿ ತೆರೆದೆ. ಹಳೆಯದರಲ್ಲಿ ಅದು ನವಿಲೇ. ಹೊಸದರಲ್ಲಿ ಮದುವೆಯೂಟ ಮುಗಿಸಿ ಬಂದ ಕೋಳಿ! ಹೊಸ ಪರದೆಯ ಮೇಲೆ ಒಂದು ದುಂಡನೆಯ ವೃತ್ತ ಬರೆದು, “ಅಕ್ಕಾ, ನಿಮ್ ಬಳೆ ಕೊಡಿ,” ಅಂದೆ. ಬಳೆ ಹಿಡಿದು ನೋಡಿದರೆ ವೃತ್ತ ಅಡ್ಡಕ್ಕೆ ಹಿಗ್ಗಿ ಮೊಟ್ಟೆಯಾಗಿತ್ತು.

ಓಡಿಹೋಗಿ ಯಜಮಾನರನ್ನು ಕರೆತಂದೆ. “ಸಾರ್, ಅಕ್ಕನ ಕಣ್ಣು ಸರಿಯಾಗೇ ಇದೆ. ಸ್ಕ್ರೀನೇ ಸುಳ್ಳು ತೋರಿಸ್ತಿದೆ.” ಅಂಗಡಿಯವರು ಅಗಲದ ಪರದೆಗೆ ಹಳೆಯ ಚೌಕ ಪರದೆಯ ಅಳತೆಯನ್ನೇ ಇಟ್ಟು ಹೋಗಿದ್ದರು. ಪರದೆ ಹಿಗ್ಗಿಸಿ ತೋರಿಸಿದ್ದನ್ನು ಅಕ್ಕ ಸಣ್ಣ ಮಾಡಿದ್ದರು, ಮಗ್ಗ ಆ ಸಣ್ಣದನ್ನೇ ನೇಯ್ದಿತ್ತು. ಯಜಮಾನರೆದುರಿಗೇ ಅಳತೆ ಬದಲಿಸಿದೆ. ಮೊಟ್ಟೆ ಬಳೆಯೊಳಗೆ ಸರಿಯಾಗಿ ಕೂತಿತು.

ಯಜಮಾನರು ಬಳೆಯನ್ನು ತಾವೇ ಪರದೆಗೆ ಹಿಡಿದು ನೋಡಿದರು. ಆಮೇಲೆ, “ಆ ನವಿಲನ್ನ ಇನ್ನೊಂದ್ಸಲ ಬರೀರಿ ನಾಗರತ್ನಮ್ಮ,” ಎಂದರು.

ಬರೆದರು. ಆ ಸೀರೆ ಮಗ್ಗದಿಂದ ಇಳಿದ ದಿನ ಅಕ್ಕ ಸೆರಗನ್ನು ನನ್ನ ಹೆಗಲ ಮೇಲೆ ಹಾಸಿ, “ನೋಡೇ, ಕುಣಿಯೋ ಹಂಗಿದೆ,” ಅಂದರು. ನಾನು ಒಂದು ಗೆರೆಯನ್ನೂ ಎಳೆದಿರಲಿಲ್ಲ. ಆದರೂ ಆ ನವಿಲಿನಲ್ಲಿ ಒಂದು ಗರಿ ನನ್ನದೂ ಇದೆ ಎಂದು ಈಗಲೂ ನಂಬಿದ್ದೇನೆ. ಜಂಬ ಅಂತೀರೇನೋ. ಅನ್ನಿ.

ಇವತ್ತು ಬಂದಿರುವ ಕಂಪ್ಯೂಟರುಗಳನ್ನು ಆರಿಸಿದ್ದು ನಾನು ಮತ್ತು ಅಕ್ಕ. ಅಂಗಡಿಯಲ್ಲಿ ಪ್ರತಿ ಪರದೆಯ ಮುಂದೆಯೂ ಅವರನ್ನು ಕೂರಿಸಿ ಬರೆಸಿ ನೋಡಿಯೇ ತಂದದ್ದು. ಮಧ್ಯಾಹ್ನ ಮೊದಲನೆಯದು ಅವರ ಮೇಜಿಗೆ ಹೋಯಿತು. ಅಕ್ಕ ಅದರಲ್ಲಿ ಹೊಸ ಸೆರಗೊಂದನ್ನು ಬರೆದರು. ಯಜಮಾನರು ಬಂದು ಅವರ ಕುರ್ಚಿಯ ಪಕ್ಕ ನಿಂತರು.

“ಸರಿಯಾಗಿದ್ಯಾ ನಾಗರತ್ನಮ್ಮ? ಮಗ್ಗಕ್ಕೆ ಕಳಿಸ್ಬಹುದಾ?”

“ಇರಿ, ಇನ್ನೂ ನೋಡ್ತಿದ್ದೀನಿ,” ಎಂದರು ಅಕ್ಕ, ತಲೆಯೆತ್ತದೆ.

ಯಜಮಾನರು ಕೈಕಟ್ಟಿ ನಿಂತು ಕಾದರು.