ಸಲ್ವೀನಾ ನೋಡದ ಕಿಟಕಿ

ಗೋಜೊ ದ್ವೀಪದ ಪಡುವಣ ತುದಿಗೆ ದ್ವೇಯ್ರಾ. ಅಲ್ಲಿ ರಸ್ತೆ ಮುಗಿದು ಬಂಡೆ ಶುರುವಾಗುವ ಕಡೆ ಸಲ್ವೀನಾಳ ಅಂಗಡಿ. ಅಂಗಡಿ ಎಂದರೆ ನಾಲ್ಕು ಕಂಬ, ಮೇಲೊಂದು ಹಸಿರು ತಾಡಪಾಲು, ಗಾಳಿಗೆ ಹಾರದ ಹಾಗೆ ಸಾಮಾನಿನ ಮೇಲೆಲ್ಲ ಒಂದೊಂದು ಕಲ್ಲು. ಲೇಸಿನ ಬಟ್ಟೆ, ಕಡಲುಪ್ಪಿನ ಪೊಟ್ಟಣ, ಬಂಡೆಗಿಡದ ಮೊಗ್ಗಿನ ಉಪ್ಪಿನಕಾಯಿ, ಜೇನು, ಚಿತ್ರದ ಕಾರ್ಡು, ಬಿಸಿಲಿನ ಟೋಪಿ, ಇಷ್ಟು ಅವಳ ಸರಕು. ಲೇಸಿನಲ್ಲಿ ಅರ್ಧ ಅವಳ ಕೈಯಿಂದಲೇ ಆದದ್ದು. ಉಳಿದರ್ಧ ಯಾರ ಕೈಯದೆಂದು ಗಿರಾಕಿಗಳು ಕೇಳುತ್ತಿರಲಿಲ್ಲ, ಅವಳೂ ಹೇಳುತ್ತಿರಲಿಲ್ಲ. ಕೇಳದ ಪ್ರಶ್ನೆಗೆ ಉತ್ತರ ಕೊಡುತ್ತಾ ಕೂತರೆ ಸಂಜೆ ಗಂಟು ಹೊತ್ತು ಮನೆಗೆ ಹೋಗಬೇಕಾಗುತ್ತದೆ.

ಅವಳ ಗಂಡ ವಿಸ್ತಿನ್ ದೋಣಿಯವನು. ಅಂಗಡಿಯಿಂದ ಕೆಳಗಿಳಿದರೆ ಬೆಟ್ಟದ ಮಡಿಲಲ್ಲಿ ಒಂದು ಪುಟ್ಟ ಒಳಗಡಲು, ದೊಡ್ಡ ಕೆರೆಯಷ್ಟು. ಬೆಟ್ಟದ ಹೊಟ್ಟೆ ಸೀಳಿದ ಸುರಂಗದಲ್ಲಿ ನೀರು ಹೊರಗಿನ ಕಡಲಿನ ಜೊತೆ ವ್ಯವಹಾರ ಇಟ್ಟುಕೊಂಡಿದೆ. ದೋಣಿಯವರು ಪ್ರವಾಸಿಗಳನ್ನು ಕೂರಿಸಿಕೊಂಡು ಆ ಕತ್ತಲೆಯಲ್ಲಿ ಸಾಗಿ, ಆಚೆಯ ಬೆಳಕಿಗೆ ಬಿದ್ದು, ಎಡಕ್ಕೆ ತಿರುಗಿ ಕಿಟಕಿಯ ಕೆಳಗೆ ಒಂದು ಸುತ್ತು ಹಾಕಿಸಿ ತರುತ್ತಿದ್ದರು.

ಕಿಟಕಿ ಎಂದರೆ ಕಲ್ಲಿನದು. ಕಡಲೊಳಕ್ಕೆ ಚಾಚಿದ ಬಂಡೆಯ ಗೋಡೆ, ನೀರಿನಲ್ಲಿ ನಿಂತ ಒಂದು ಕಂಬ, ಎರಡಕ್ಕೂ ಸೇರಿ ಮೇಲೆ ತೊಲೆ. ಯಾವ ಮೇಸ್ತ್ರಿಯೂ ಕಟ್ಟಿದ್ದಲ್ಲ, ಕಡಲೇ ಕೊರೆದದ್ದು. ಅದನ್ನು ನೋಡಲು ಜನ ವಿಮಾನ ಹತ್ತಿ, ಹಡಗು ಹತ್ತಿ, ಬಸ್ಸಿನಲ್ಲಿ ವಾಂತಿ ಮಾಡಿಕೊಂಡು ಬರುತ್ತಿದ್ದರು. ಸಲ್ವೀನಾಳಿಗೆ ಅದು ಕೂತಲ್ಲಿಗೇ ಕಾಣುತ್ತಿತ್ತು. ಆದರೆ ಪಕ್ಕದಿಂದ, ದೂರದಿಂದ, ಎದುರುಮನೆಯವರನ್ನು ನೋಡುವ ಹಾಗೆ. ಅದರ ಕೆಳಗೆ ದೋಣಿಯಲ್ಲಿ ಕೂತು ತಲೆಯೆತ್ತಿ ನೋಡಿದವಳಲ್ಲ. ಮದುವೆಯಾದ ಹೊಸದರಲ್ಲೇ ಆ ಆಸೆ ಹುಟ್ಟಿತ್ತು, ಅಂದಿನಿಂದ ಆರಿರಲಿಲ್ಲ.

ಮೊದಲ ವರ್ಷ ವಿಸ್ತಿನ್, "ಬರೋ ಭಾನುವಾರ" ಅಂದ. ಭಾನುವಾರಗಳಂದು ಗಿರಾಕಿ ಜಾಸ್ತಿ. ಅಷ್ಟರಲ್ಲಿ ಸಲ್ವೀನಾ ಬಸುರಿಯಾದಳು. ಮಗಳು ರಮೋನಾ ಹುಟ್ಟಿದ ಮೇಲೆ ಅತ್ತೆ ಕಾಂದಿದಾ ನಡುವೆ ಬಂದಳು. ಕಾಂದಿದಾಳ ಅಕ್ಕನೂ ಭಾವನೂ ಒಂದೇ ದೋಣಿಯಲ್ಲಿ ಹೋಗಿ ವಾಪಸು ಬಂದಿರಲಿಲ್ಲ. ಅವರ ಮಕ್ಕಳನ್ನೆಲ್ಲ ಸಾಕಿದವಳು ಅವಳೇ. ಸೊಸೆಯನ್ನು ತಾ ಪೀನು ಚರ್ಚಿನ ಮಾತೆಯ ಮುಂದೆ ನಿಲ್ಲಿಸಿ ಮಾತು ತೆಗೆದುಕೊಂಡಳು.

"ಅಪ್ಪ ಅಮ್ಮ ಇಬ್ರೂ ಒಂದೇ ದೋಣಿ ಹತ್ತಬಾರದು. ಮಗು ತನ್ನ ಕಾಲ ಮೇಲೆ ನಿಲ್ಲೋವರೆಗೂ ನೀನು ಅವನ ಜೊತೆ ಹತ್ತಲ್ಲ ಅಂತ ಹೇಳು."

"ಅತ್ತೆ, ಸುರಂಗ ದಾಟಿ ಹೀಗೆ ಹೋಗಿ ಹಾಗೆ ಬರೋದು."

"ನಮ್ಮಕ್ಕನೂ ಹಾಗೇ ಅಂದಿದ್ದಳು."

ಇನ್ನೊಬ್ಬರ ದೋಣಿಯಲ್ಲಿ ಹೋಗಬಹುದಿತ್ತಲ್ಲ ಎಂದು ಹೊರಗಿನವರು ಕೇಳಿಯಾರು. ಬೇಕರಿಯವನ ಹೆಂಡತಿ ಪಕ್ಕದ ಬೇಕರಿಯಲ್ಲಿ ರೊಟ್ಟಿ ಕೊಂಡರೆ ಊರು ಏನನ್ನುತ್ತದೆಯೋ ಇದಕ್ಕೂ ಅದನ್ನೇ ಅನ್ನುತ್ತಿತ್ತು. ಆದ್ದರಿಂದ ಸಲ್ವೀನಾ ತನಗೆ ಗೊತ್ತಿದ್ದ ದಾರಿ ಹಿಡಿದಳು, ವ್ಯಾಪಾರದ ದಾರಿ. ದೋಣಿ ಇಳಿದು ಮೇಲೆ ಬಂದವರನ್ನು ತಡೆದು, ಕೈಗೊಂದು ಜೇನಿನ ಚಮಚ ಕೊಟ್ಟು ಕೇಳುವಳು: "ಕೆಳಗಿಂದ ಹೇಗಿತ್ತು?"

ಗಿರಾಕಿಗಳಿಗೆ ಅದು ಅಂಗಡಿಯವಳ ಉಪಚಾರದ ಮಾತು. ಹೇಳುತ್ತಾ ಹೇಳುತ್ತಾ ಒಂದು ಬಾಟಲಿ ಕೊಳ್ಳುತ್ತಿದ್ದರು ಎಂಬುದೂ ಸುಳ್ಳಲ್ಲ. ಒಬ್ಬ ಇಟಲಿಯವನು ಮಾತು ಸಾಲದೆ ಎರಡೂ ಕೈ ಎತ್ತಿ ತೋರಿಸಿದ್ದ, ಜೇನು ಅಂಗಿಯ ಮೇಲೆ ಬಿದ್ದಿತ್ತು. ಒಬ್ಬಳು ಟೀಚರು, ತೊಲೆಯ ಅಡಿಯಲ್ಲಿ ಒಂದು ಕಡೆ ಕಲ್ಲು ಸುಟ್ಟ ರೊಟ್ಟಿಯ ಬಣ್ಣ, ಇನ್ನೊಂದು ಕಡೆ ಹಸಿ ಹಿಟ್ಟಿನ ಬಣ್ಣ ಅಂದಿದ್ದಳು. ಒಬ್ಬ ಮುದುಕ ಮಾತ್ರ, "ನನ್ನ ಟೋಪಿ ನೀರಿಗೆ ಬಿತ್ತು, ಬೇರೇನೂ ನೋಡ್ಲಿಲ್ಲ" ಅಂದ. ಅವನಿಗೆ ಅವಳು ಟೋಪಿ ಮಾರಿದಳು.

ವರ್ಷಗಳು ಹೋದವು. ಅತ್ತೆ ತೀರಿಕೊಂಡಳು. ರಮೋನಾ ನರ್ಸಾಗಿ ಕಡಲಾಚೆ ಮಾಲ್ಟಾಕ್ಕೆ ಕೆಲಸಕ್ಕೆ ಹೋದಳು. ಕೊಟ್ಟ ಮಾತಿನ ಅವಧಿ ಮುಗಿದಿತ್ತು, ವಿಸ್ತಿನ್ನನ ನೆಪಗಳ ಅವಧಿ ಮುಗಿದಿರಲಿಲ್ಲ. ಬೇಸಿಗೆಯಲ್ಲಿ ದೋಣಿಯ ಒಂದೊಂದು ಸೀಟಿಗೂ ಗಿರಾಕಿ. ಚಳಿಗಾಲದಲ್ಲಿ ದೋಣಿ ದಡದ ಮೇಲೆ. ನಡುವೆ ಹಬ್ಬ, ನೆಗಡಿ, ಎಂಜಿನ್ನು.

"ಕಿಟಕಿ ಎಲ್ಲಿಗೆ ಓಡಿ ಹೋಗುತ್ತೆ ಕಣೇ," ಅನ್ನುತ್ತಿದ್ದ. "ನಮ್ಮ ಅಜ್ಜನ ಅಜ್ಜನ ಕಾಲದಿಂದ ಅಲ್ಲೇ ನಿಂತಿದೆ."

"ನಿಮ್ಮ ಅಜ್ಜನ ಅಜ್ಜ ಈಗ ಎಲ್ಲಿದ್ದಾನೆ?" ಅನ್ನುತ್ತಿದ್ದಳು ಸಲ್ವೀನಾ.

ಕೊನೆಗೆ ಒಂದು ಚಳಿಗಾಲ ಅವಳು ಗಟ್ಟಿಯಾಗಿ ಹಿಡಿದಳು. ವಸಂತಕ್ಕೆ ಮುಂಚೆ ದೋಣಿಗೆ ಬಣ್ಣ ಬಳಿದು, ಎಂಜಿನ್ ಸರಿಯಿದೆಯೇ ಎಂದು ಒಮ್ಮೆ ಒಳಗಡಲಲ್ಲೇ ಖಾಲಿ ದೋಣಿ ಓಡಿಸುವುದು ಇಲ್ಲಿನ ರೂಢಿ. ಆ ಸಲ ಅದನ್ನು ಜೋಸೆಫ್ ಸಂತನ ಹಬ್ಬದ ದಿನ ಇಟ್ಟುಕೊಳ್ಳುವುದು, ಅವಳೂ ಕೂತು ಕಿಟಕಿಯವರೆಗೆ ಹೋಗುವುದು ಎಂದಾಯಿತು. ಸಲ್ವೀನಾ ಜಾರದ ಚಪ್ಪಲಿ ಕೊಂಡಳು. ದ್ವೇಯ್ರಾಕ್ಕೆ ಬಂದವರಿಗೆಲ್ಲ ಅಂಥದ್ದನ್ನು ಕೊಳ್ಳಿ ಎಂದು ಉಪದೇಶ ಮಾಡುತ್ತಿದ್ದವಳು ತಾನು ಕೊಂಡದ್ದು ಅದೇ ಮೊದಲು.

ಹಬ್ಬಕ್ಕೆ ಇನ್ನೂ ವಾರ ಕಳೆಯಬೇಕಿತ್ತು. ದೊಡ್ಡ ಗಾಳಿ ಎದ್ದಿತು. ಎರಡು ದಿನ ಅಂಗಡಿ ಹಾಕಲಾಗಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಅವಳು ಸಾನ್ ಲಾವ್ರೆಂಜ್ ಹಳ್ಳಿಯ ತನ್ನ ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುತ್ತಿದ್ದಾಗ ಚೆನ್ಸು ಬಾಗಿಲಿಗೆ ಬಂದ. ಅವಳ ಪಕ್ಕದಲ್ಲೇ ವ್ಯಾನು ನಿಲ್ಲಿಸಿ ತಂಪು ಪಾನೀಯ ಮಾರುವವನು. ಮೈಯೆಲ್ಲ ಒದ್ದೆ.

"ಅಕ್ಕಾ, ಕಿಟಕಿ ಹೋಯ್ತು."

"ಯಾರ ಮನೇದು?"

"ನಮ್ಮದು. ಕಿಟಕಿ. ಕಂಬನೂ ಇಲ್ಲ. ಏನೂ ಇಲ್ಲ."

ಇಡೀ ದ್ವೀಪ ನೋಡಲು ಬಂತು. ಸಾವಿನ ಮನೆಗೆ ಬಂದ ಹಾಗೆ ಗಾಳಿಯಲ್ಲಿ ನಿಂತು, ಕೋಟು ಬಿಗಿಹಿಡಿದು, ತಗ್ಗಿದ ದನಿಯಲ್ಲಿ ಮಾತಾಡಿದರು. ಕೆಲವರು ಅತ್ತರು. ನಿನ್ನೆವರೆಗೆ, ಕಲ್ಲು ನೋಡೋಕೆ ಯಾವ ಹುಚ್ಚು ಇವರಿಗೆ ಎಂದು ಪ್ರವಾಸಿಗಳನ್ನು ಆಡಿಕೊಳ್ಳುತ್ತಿದ್ದವರೂ ಅತ್ತರು. ಹಿತ್ತಲ ಗಿಡ ಒಣಗಿದ ಮೇಲೇ ಮದ್ದು. ಸಲ್ವೀನಾ ಅಳಲಿಲ್ಲ. ಬರಿದಾದ ಜಾಗವನ್ನು ನೋಡಿ, ಪಕ್ಕದಲ್ಲಿ ನಿಂತ ಗಂಡನನ್ನು ನೋಡಿದಳು. ವಿಸ್ತಿನ್ ತನ್ನ ಬೂಟು ನೋಡಿಕೊಂಡ.

ಜೋಸೆಫ್ ಸಂತನ ಹಬ್ಬದ ದಿನ ಅವನು ಒಬ್ಬನೇ ಹೋಗಿ ಎಂಜಿನ್ ಪರೀಕ್ಷೆ ಮಾಡಿ ಬಂದ. ಬರ್ತೀಯಾ ಎಂದು ಕೇಳಲಿಲ್ಲ. ಬರ್ತೀನಿ ಎಂದು ಅವಳೂ ಅನ್ನಲಿಲ್ಲ.

ಇನ್ನು ವ್ಯಾಪಾರ ಮುಗಿಯಿತು ಎಂದುಕೊಂಡಿದ್ದರು ಎಲ್ಲರೂ. ಆದರೆ ಆನೆ ಇದ್ದರೂ ಸಾವಿರ, ಸತ್ತರೂ ಸಾವಿರ. ಆ ಬೇಸಿಗೆ ಜನ ಎಂದಿನ ಹಾಗೆಯೇ ಬಂದರು, ಕಿಟಕಿ ಇಲ್ಲದ ಜಾಗವನ್ನು ನೋಡಲು. ದೋಣಿಯವರು ಸುತ್ತು ಹಾಕಿಸಿ, "ಇಲ್ಲೇ ಇತ್ತು" ಎಂದು ಗಾಳಿಯತ್ತ ಬೆರಳು ತೋರಿಸಿದರು, ಜನ ಆ ಗಾಳಿಯ ಫೋಟೋ ತೆಗೆದರು. ಮುಳುಗುಗಾರರು ನೀರಿನಡಿ ಬಿದ್ದ ಬಂಡೆಗಳನ್ನು ನೋಡಲು ಇಳಿದರು. ಸಲ್ವೀನಾಳ ಕಾರ್ಡುಗಳು ಜೂನ್ ತಿಂಗಳಲ್ಲೇ ಖಾಲಿಯಾಗಿ ಮತ್ತೆ ತರಿಸಬೇಕಾಯಿತು.

"ಬೆಲೆ ಏರಿಸಕ್ಕಾ," ಅಂದ ಚೆನ್ಸು. "ಸತ್ತೋರ ಫೋಟೋ ಇನ್ನು ಹೊಸದಾಗಿ ತೆಗೆಯೋಕಾಗಲ್ಲ."

ಏರಿಸಿದಳು. ಮರುದಿನ ಅವನೂ ತನ್ನ ಪಾನೀಯದ ಬೆಲೆ ಏರಿಸಿದ. ಅದಕ್ಕೆ ಯಾರು ಸತ್ತಿದ್ದರೋ!

ಒಂದು ಮಾತ್ರ ಬದಲಾಗಿತ್ತು. ದೋಣಿ ಇಳಿದು ಬಂದವರನ್ನು ಅವಳು ಏನೂ ಕೇಳುತ್ತಿರಲಿಲ್ಲ. ಕೇಳಿದರೆ ಅವರೇನು ಹೇಳಿಯಾರು? ಜೇನಿನ ಚಮಚ ಕೊಟ್ಟು ಸುಮ್ಮನಿರುತ್ತಿದ್ದಳು. ಈಗ ಅವರೇ ಕೇಳುತ್ತಿದ್ದರು: "ನೀವು ನೋಡಿದ್ರಲ್ಲ, ಹೇಗಿತ್ತು?" ಅವಳು ಕಾರ್ಡಿನತ್ತ ಕೈ ತೋರಿಸುತ್ತಿದ್ದಳು.

ಅಕ್ಟೋಬರ್ ಬಂತು. ಜನ ತೆಳುವಾದರು. ಒಂದು ಗುರುವಾರ ಮಧ್ಯಾಹ್ನ ಡೆನ್ಮಾರ್ಕಿನ ನರೆಗೂದಲ ಹೆಂಗಸೊಬ್ಬಳು ಲೇಸು ಮುಟ್ಟಿ ನೋಡುತ್ತಾ ನಿಂತಳು. ಗಂಡ ಆಚೆ ಚೆನ್ಸುವಿನ ಜೊತೆ ಬೆಲೆಯ ಬಗ್ಗೆ ಗುದ್ದಾಡುತ್ತಿದ್ದ.

"ಮದುವೆಯಾದ ಹೊಸದರಲ್ಲಿ ಬಂದಿದ್ವಿ ನಾವು," ಅಂದಳು ಅವಳು. "ಆವಾಗ ಕಿಟಕಿ ಇತ್ತು. ದೋಣಿ ಹುಡುಗ ಒಬ್ಬ ಕರ್ಕೊಂಡು ಹೋಗಿದ್ದ. ಪಾಪದವನು, ಕಿವಿ ಎರಡೂ ಹೀಗೆ, ಹಾಯಿ ಬಿಚ್ಚಿದ ಹಾಗೆ."

ಅಂಥ ಕಿವಿ ಒಳಗಡಲಿನ ದೋಣಿಯವರಲ್ಲಿ ಒಬ್ಬನಿಗೇ ಇದ್ದದ್ದು. ಸಲ್ವೀನಾ ಲೇಸು ಮಡಿಸುವುದನ್ನು ನಿಲ್ಲಿಸಿದಳು.

"ಕಿಟಕಿ ಕೆಳಗೆ ದೋಣಿ ನಿಲ್ಲಿಸಿ, ನನ್ನ ಹೆಂಡತಿಗೆ ಇನ್ನೂ ತೋರಿಸಿಲ್ಲ, ಬರೋ ಭಾನುವಾರ ಕರ್ಕೊಂಡು ಬರ್ತೀನಿ ಅಂತ ಹೇಳ್ತಾನೇ ಇದ್ದ. ನಾವೇನೂ ಕೇಳಿರ್ಲಿಲ್ಲ, ಅವನೇ ಹೇಳ್ದ. ಊರಿಗೆ ಹೋದ್ಮೇಲೂ ನಾವು ಅವಳ ಮಾತೇ ಆಡ್ತಿದ್ವಿ. ನೋಡಿರ್ತಾಳೆ, ಅಲ್ವಾ?"

"ಕಿವಿ ದೊಡ್ಡದಿರೋರು ಮಾತು ಕೇಳಿಸ್ಕೊಳ್ಳೋದು ಕಮ್ಮಿ ಕಣಮ್ಮ," ಅಂದಳು ಸಲ್ವೀನಾ. ಆಮೇಲೆ, ಬಿಟ್ಟೇಬಿಟ್ಟಿದ್ದ ಆ ಪ್ರಶ್ನೆ ಬಾಯಿಂದ ಜಾರಿತು. "ಕೆಳಗಿಂದ ಹೇಗಿತ್ತು?"

ಹೆಂಗಸು ಯೋಚಿಸಿದಳು. "ಬಂಡೆ ಮರೆತು ಹೋಗಿದೆ. ನೀರಿನ ಬೆಳಕು ಮೇಲೆ ಕಲ್ಲಿನ ಮೇಲೆಲ್ಲ ಕುಣೀತಿತ್ತು. ಅಷ್ಟೇ ನೆನಪು."

ಅವರು ಹೋದರು. ಸಲ್ವೀನಾ ಸಾಮಾನಿನ ಮೇಲೆ ತಾಡಪಾಲು ಎಳೆದು ಕಲ್ಲಿಟ್ಟಳು.

"ಎಲ್ಲಿಗಕ್ಕಾ, ಇಷ್ಟು ಬೇಗ?" ಚೆನ್ಸು ಕೂಗಿದ. "ಇನ್ನೂ ಒಂದು ಬಸ್ಸು ಬರೋದಿದೆ!"

"ನೀನೇ ಮಾರ್ಕೊ, ಬೆಲೆ ಹೇಗೂ ನಿನಗೇ ಗೊತ್ತು."

ಕೆಳಗೆ ಒಳಗಡಲಿನ ದಡದಲ್ಲಿ ದೋಣಿಮನೆಯ ನೆರಳಿಗೆ ವಿಸ್ತಿನ್ನೂ ಲೊರೆಟ್ಟು ಎಂಬ ಇನ್ನೊಬ್ಬ ಹಳೆಯ ದೋಣಿಯವನೂ ಎಣ್ಣೆ, ಟೊಮೇಟೊ ಬಳಿದ ರೊಟ್ಟಿ ತಿನ್ನುತ್ತಿದ್ದರು.

"ಏಳು," ಅಂದಳು.

"ಏನಾಯ್ತು? ಅಂಗಡಿ?"

"ಭಾನುವಾರ ಬಂತು. ಏಳಯ್ಯ."

"ಇವತ್ತು ಗುರುವಾರ ಕಣೇ."

"ನಿನ್ನ ಭಾನುವಾರ ಗುರುವಾರ ಬಂದಿದೆ."

ವಿಸ್ತಿನ್ ರೊಟ್ಟಿ ಕೆಳಗಿಟ್ಟ. "ಅಲ್ಲೇನಿದೆ ಸಲ್ವೀನಾ, ಈಗ ನೋಡೋಕೆ?"

"ಕರ್ಕೊಂಡು ಹೋಗೋ," ಅಂದ ಲೊರೆಟ್ಟು. "ಇಲ್ಲದ್ದನ್ನ ತೋರಿಸೇ ಅಲ್ವಾ ನಾವು ಈ ಬೇಸಿಗೆ ಊಟ ಮಾಡಿದ್ದು. ಹೊರಗಿನೋರಿಗೆ ತೋರಿಸಿದ್ದು ಮನೆಯೋರಿಗೆ ಆಗಲ್ವಾ?"

ದೋಣಿ ಹತ್ತುವಾಗ ವಿಸ್ತಿನ್ ಕೈ ಕೊಟ್ಟ, ಪ್ರವಾಸಿಗಳಿಗೆ ಕೊಡುವ ಹಾಗೆ, ಮೊಣಕೈ ಹಿಡಿದು. ಅವಳು ಮುಂದಿನ ಹಲಗೆಯ ಮೇಲೆ ಅವನಿಗೆ ಎದುರಾಗಿ ಕೂತಳು. ಸುರಂಗದಲ್ಲಿ ತಣ್ಣಗಾಯಿತು. ಗೋಡೆಗಳು ಅತ್ತಿತ್ತ ಹತ್ತಿರ ಬಂದವು, ನೀರಿನಂಚಿಗೆ ಕಲ್ಲು ಕಿತ್ತಳೆಯಾಗಿ, ನೇರಳೆಯಾಗಿ ಹೊಳೆಯಿತು. ಇದನ್ನೂ ಗಿರಾಕಿಗಳು ಹೇಳಿದ್ದರು. ತಣ್ಣಗಿರುತ್ತದೆ ಎಂದು ಮಾತ್ರ ಯಾರೂ ಹೇಳಿರಲಿಲ್ಲ. ಅವಳು ಸೆರಗಿಲ್ಲದ ಮೈಯನ್ನು ತೋಳಿನಿಂದಲೇ ಹೊದ್ದುಕೊಂಡಳು.

ಆಮೇಲೆ ಬೆಳಕು. ದೋಣಿ ಎಡಕ್ಕೆ ಹೊರಳಿ, ಬಂಡೆಗಳ ಬದಿಯಲ್ಲೇ ಸಾಗಿ, ಒಂದು ಕಡೆ ನಿಧಾನವಾಯಿತು. ಮುರಿದ ಗೋಡೆಯ ಮೈ ಇನ್ನೂ ಹಸಿಯಾಗಿ, ಬೆಳ್ಳಗಿತ್ತು. ಅದರಾಚೆ ಬರೀ ಆಕಾಶ.

"ಮಹನೀಯರೇ, ಮಹಿಳೆಯರೇ," ವಿಸ್ತಿನ್ ಬಾಯಿಪಾಠ ಶುರು ಮಾಡಿದ. "ಈಗ ನಿಮ್ಮ ತಲೆ ಮೇಲೆ..." ಅಲ್ಲಿಗೇ ನಿಂತ. ಎಂಜಿನ್ ಆರಿಸಿದ.

"ಹೇಳು," ಅಂದಳು. "ಅವರಿಗೆಲ್ಲ ಹೇಳೋ ಹಾಗೇ ಹೇಳು. ಕೆಳಗಿಂದ ಹೇಗಿತ್ತು?"

ಅವನು ಟೋಪಿ ತೆಗೆದು ಮೊಣಕಾಲ ಮೇಲಿಟ್ಟುಕೊಂಡ. "ಎತ್ತರ ಇತ್ತು. ತುಂಬಾ... ಎತ್ತರ."

"ಅದು ಕಾರ್ಡಿನ ಹಿಂದೆಯೂ ಬರೆದಿದೆ."

"ನೋಡಿದ್ರೆ ತಾನೆ ಹೇಳೋಕೆ, ಸಲ್ವೀನಾ."

"ಅಂದ್ರೆ?"

"ಅಲೆ ಇಲ್ಲಿ ಯಾವ ಕಡೆಯಿಂದ ಎದ್ದು ಬರುತ್ತೆ ಅಂತ ಹೇಳೋಕಾಗಲ್ಲ. ನಾನು ಮೇಲೆ ನೋಡಿದ್ರೆ ದೋಣಿ ಹೋಗಿ ಬಂಡೆಗೆ. ತಲೆ ಎತ್ತಿ ಅಂತ ಅವರಿಗೆ ಹೇಳ್ತಿದ್ದೆ, ನಾನು ನೀರು ನೋಡ್ತಿದ್ದೆ."

"ಇಷ್ಟು ವರ್ಷನೂ?"

"ಖಾಲಿ ದೋಣೀಲಿ, ಪುರುಸೊತ್ತಿನಲ್ಲಿ ಬಂದಾಗ ನೋಡೋಣ ಅಂದ್ಕೊಂಡಿದ್ದೆ. ಆವತ್ತು ಹೇಗೂ ನೀನೂ ಬರ್ತೀಯಲ್ಲ ಅಂತ."

ದೋಣಿ ಅಲುಗುತ್ತಿತ್ತು. ಸಲ್ವೀನಾ ಬಯ್ಯಬೇಕೆಂದು ಕಟ್ಟಿಕೊಂಡು ಬಂದದ್ದೆಲ್ಲ ನಾಲಿಗೆಯ ತುದಿಯಲ್ಲಿತ್ತು. ಎದುರಿಗೆ ಕೂತಿದ್ದವನೋ ಅವಳಷ್ಟೇ ಬರಿಗೈಯವನು. ಅವಳಿಗಾದರೂ ನಾಲ್ಕು ಜನ ಹೇಳಿದ್ದಿತ್ತು, ಅವನಿಗೆ ಅದೂ ಇರಲಿಲ್ಲ.

ಅವಳು ಎದ್ದು, ದೋಣಿಯ ಅಂಚು ಹಿಡಿದುಕೊಂಡು ಅವನ ಪಕ್ಕಕ್ಕೆ ಬಂದು ಕೂತಳು.

"ಅಲ್ಲಿ, ಗೋಡೆ ತುಂಡಾದ ಕಡೆಯಿಂದ ತೊಲೆ ಶುರು," ಅಂದಳು, ಬೆರಳೆತ್ತಿ. "ಅಲ್ಲಿ ಕಲ್ಲು ಸುಟ್ಟ ರೊಟ್ಟಿ ಬಣ್ಣ. ಈ ಕಡೆಗೆ ಬರ್ತಾ ಬರ್ತಾ ಹಸೀ ಹಿಟ್ಟಿನ ಬಣ್ಣ. ನಡುವೆ ಒಂದು ಬಿರುಕು, ಅದರೊಳಗೆ ಹಕ್ಕಿ ಗೂಡು. ಮರಿ ಕೂಗಿದ್ರೆ ಇಲ್ಲಿವರೆಗೂ ಕೇಳಿಸೋದಂತೆ. ಹನಿ ತೊಟ್ಟಿಕ್ತಾನೇ ಇರೋದು, ಒಬ್ಬಳ ಕತ್ತಿನ ಮೇಲೇ ಬಿದ್ದಿತ್ತು. ಬಿಸಿಲಿದ್ರೆ ಕೆಳಗಿನ ನೀರಿನ ಬೆಳಕೆಲ್ಲ ಮೇಲೆ ಹೋಗಿ ಕುಣಿಯೋದು..."

ದೋಣಿ ತನ್ನಷ್ಟಕ್ಕೆ ತಾನು ತೇಲಿತು. ವಿಸ್ತಿನ್ ಒಮ್ಮೆ ಅಭ್ಯಾಸದಿಂದ ನೀರಿನತ್ತ ಕಣ್ಣು ಇಳಿಸಿದ. ಅವಳು ಅವನ ಗದ್ದಕ್ಕೆ ಎರಡು ಬೆರಳು ಕೊಟ್ಟು ಮುಖ ಮೇಲೆತ್ತಿದಳು.

"ಇಲ್ಲಿಗಾ?" ಅಂದ.

"ಅಲ್ಲ. ಇನ್ನೂ ಸ್ವಲ್ಪ ಬಲಕ್ಕೆ."

ಅವನು ಇನ್ನೂ ಸ್ವಲ್ಪ ಬಲಕ್ಕೆ ನೋಡಿದ.