ಹಗ್ಗ ಕೊಟ್ಟು ಪಡೆದ ನೀರು

1994ರಲ್ಲಿ ನಾನು ಶಾಲೆ ಬಿಟ್ಟೆ. ಎಂಟನೆಯ ತರಗತಿ ಅರ್ಧ ಆಗಿತ್ತು. ಬಡತನದಿಂದ ಬಿಡಿಸಿದರು ಎಂದು ಸಂಬಂಧಿಕರು ಈಗಲೂ ಹೇಳುವುದುಂಟು. ಅದು ಸುಳ್ಳು. ಹಳೆ ಬಂದರಿನಲ್ಲಿ ಬಾಪನಿಗೆ ಒಣಮೀನಿನ ಅಂಗಡಿ ಇತ್ತು, ಊಟಕ್ಕೆ ತೊಂದರೆ ಇರಲಿಲ್ಲ. ನನಗೆ ಬೆಂಚಿನ ಮೇಲೆ ಕೂತಿರಲು ಆಗುತ್ತಿರಲಿಲ್ಲ, ಅಷ್ಟೆ. ದುಡಿದು ತಿನ್ನುತ್ತೇನೆ, ಯಾರ ಮುಂದೆಯೂ ಕೈ ಚಾಚುವುದಿಲ್ಲ ಎಂದು ಉಮ್ಮನಿಗೆ ಹೇಳಿ ಮೀನಿನ ಬೋಟು ಹತ್ತಿದೆ. ಜೊತೆಯವರೆಲ್ಲ ದುಬೈ, ದಮಾಮ್ ಎಂದು ಹೊರಟಾಗಲೂ ನಾನು ನೀರಿನ ಮೇಲೆಯೇ ಉಳಿದೆ. ನೌಕಾಪಡೆಯ ಹಡಗುಗಳಿಗೆ ಎಣ್ಣೆ ಒದಗಿಸುವ ಒಂದು ಟ್ಯಾಂಕರಿಗೆ ಗುತ್ತಿಗೆಯ ಕೆಲಸಗಾರರು ಬೇಕಾಗಿದ್ದಾರೆ ಎಂದು ಗೊತ್ತಾಯಿತು. ಹೋದೆ. ಆಗ ನನಗೆ ಇಪ್ಪತ್ತೆರಡು.

ಅದು ಯುದ್ಧದ ಹಡಗಲ್ಲ. ಬಣ್ಣ ಮಾತ್ರ ಅದೇ ಬೂದಿ, ಮೇಲೆ ತೋಪಿಲ್ಲ. ಹೊಟ್ಟೆ ತುಂಬ ಎಣ್ಣೆ, ಒಂದು ಮೂಲೆಯಲ್ಲಿ ಕುಡಿಯುವ ನೀರಿನ ದೊಡ್ಡ ಟ್ಯಾಂಕುಗಳು. ಯುದ್ಧನೌಕೆಗಳು ದಡಕ್ಕೆ ಬಾರದೆ ಸಮುದ್ರದಲ್ಲೇ ಉಳಿಯಬೇಕಾದಾಗ ನಾವು ಹೋಗಿ ಕೊಡಬೇಕು. ಅದನ್ನು ನೋಡದವರಿಗೆ ಹೇಳಿದರೆ ನಂಬುವುದು ಕಷ್ಟ. ಎರಡು ಹಡಗುಗಳೂ ನಿಲ್ಲುವುದಿಲ್ಲ. ಒಂದೇ ವೇಗದಲ್ಲಿ ಪಕ್ಕಪಕ್ಕ ಓಡುತ್ತಿರುತ್ತವೆ, ನಡುವೆ ಒಂದು ಹೆದ್ದಾರಿಯ ಅಗಲಕ್ಕೆ ನೀರು ಕುದಿಯುತ್ತಿರುತ್ತದೆ. ಮೊದಲು ಬಂದೂಕಿನಿಂದ ಒಂದು ತೆಳು ದಾರ ಹಾರಿಸುತ್ತಾರೆ. ಆ ದಾರದ ತುದಿಗೆ ಬೆರಳಿನ ಗಾತ್ರದ ಹಗ್ಗ, ಅದರ ತುದಿಗೆ ಮಣಿಕಟ್ಟಿನ ಗಾತ್ರದ್ದು, ಅದರ ಹಿಂದೆ ಉಕ್ಕಿನದು, ಎಲ್ಲದರ ಹಿಂದೆ ಎಣ್ಣೆಯ ಪೈಪು. ದಪ್ಪ ಹಗ್ಗವನ್ನು ಯಾರೂ ಎಸೆಯಲಾರರು, ತೆಳುವೇ ಅದನ್ನು ಎಳೆದು ತರಬೇಕು.

ಆ ತೆಳು ಹಗ್ಗಗಳನ್ನು ಒಣಗಿಸಿ, ಸುತ್ತಿ, ಕೊಕ್ಕೆಗೆ ತೂಗುಹಾಕುವುದು ನನ್ನ ಮೊದಲ ಕೆಲಸ. ಕೆಲಸಗಾರರ ಮೇಸ್ತ್ರಿಗೆ ಹಡಗಿನಲ್ಲಿ ಸಾರಂಗ ಎನ್ನುತ್ತಾರೆ; ನಮ್ಮ ಸಾರಂಗ ಒಬ್ಬ ಮುದುಕ, ರತ್ನಗಿರಿ ಕಡೆಯವ. ಅವನು ಒಮ್ಮೆ ನಾನು ಬೇರೆ ಹಡಗಿನವರ ಹತ್ತಿರ ಒಂದು ಬೀಡಿ ಕೇಳಿದ್ದಕ್ಕೆ ತಲೆಗೆ ಮೊಟಕಿದ. “ನಾವು ಕೊಡುವ ಹಡಗಿನವರು. ಇನ್ನೊಂದು ಹಡಗಿನ ಹತ್ತಿರ ಕೇಳಿದ್ದು ಕಂಡರೆ ಸಮುದ್ರಕ್ಕೆ ದೂಡ್ತೇನೆ” ಎಂದ. ನನಗೆ ಆ ಮಾತು ಹಿಡಿಸಿತು. ನಮ್ಮ ಮನೆಯ ಬುದ್ಧಿಯೂ ಅದೇ.

ಹಗ್ಗದಿಂದ ಪಂಪಿನ ಕೆಲಸಕ್ಕೆ ಬಂದೆ. ಯಾವ ವಾಲ್ವ್ ತಿರುಗಿಸಿದರೆ ಯಾವ ಟ್ಯಾಂಕಿನ ಎಣ್ಣೆ ಎಲ್ಲಿಗೆ ಹೋಗುತ್ತದೆ ಎಂಬುದು ಕಣ್ಣುಮುಚ್ಚಿದರೂ ಗೊತ್ತಾಗುವಷ್ಟು ಕಲಿತೆ. ಮದುವೆಯಾದೆ. ಕಾವೂರಿನಲ್ಲಿ ಬಾಡಿಗೆ ಮನೆ ಮಾಡಿದೆ. ಅಷ್ಟರಲ್ಲಿ ಹಡಗಿಗೆ ವಯಸ್ಸಾಯಿತು. ತಳದ ತಗಡು ಸವೆಯಿತು, ಅದರ ಕೆಲಸಕ್ಕೆ ಹೊಸ ಹಡಗು ಬಂತು. ಇದನ್ನು ಹರಾಜು ಹಾಕಿದರು. ಕಾಯಂ ನೌಕರರಿಗೆ ಬೇರೆ ಜಾಗ ಸಿಕ್ಕಿತು, ಗುತ್ತಿಗೆಯವರಿಗೆ ಇಲ್ಲ. ಹಡಗು ಕೊಂಡ ಖಾಸಗಿ ಮಾಲೀಕ, “ಇದರ ಒಳಗು ಗೊತ್ತಿರುವವರು ಬೇಕು” ಎಂದಾಗ ನಾನು ಹಡಗಿನ ಜೊತೆಗೇ ಮಾರಾಟವಾದ ಹಾಗೆ ಅವನ ಕಡೆ ಹೋದೆ.

ಬೂದಿ ಬಣ್ಣದ ಮೇಲೆ ಕಪ್ಪು ಬಳಿದರು, ಹೊಸ ಹೆಸರು ಬರೆದರು. ಆದರೆ ಹಳೆಯ ಹೆಸರಿನ ಅಕ್ಷರಗಳನ್ನು ಕಬ್ಬಿಣದಲ್ಲೇ ಬೆಸುಗೆ ಹಾಕಿದ್ದರು. ಸಂಜೆಯ ಓರೆ ಬಿಸಿಲಿಗೆ ಅವು ಕಪ್ಪಿನ ಕೆಳಗಿನಿಂದ ಎದ್ದು ಕಾಣುತ್ತಿದ್ದವು. ನಡುಸಮುದ್ರದಲ್ಲಿ ಎಣ್ಣೆ ಕೊಡುವ ಯಂತ್ರಗಳನ್ನೆಲ್ಲ ಕಿತ್ತು ಮಾರಿದ. ತೆಳು ಹಗ್ಗದ ಸುರುಳಿಗಳು ಯಾರಿಗೂ ಬೇಡವಾದವು. ನಾನು ಅವನ್ನು ಹಳೆಯ ಕೊಕ್ಕೆಗಳಲ್ಲೇ ಬಿಟ್ಟೆ.

ಕೆಲವು ವರ್ಷ ಕರಾವಳಿಯ ಉದ್ದಕ್ಕೂ ಎಣ್ಣೆ ಹೊತ್ತೆವು. ಆಮೇಲೆ ಸಂಬಳ ತಡವಾಯಿತು, ಆಮೇಲೆ ಅರ್ಧವಾಯಿತು. ಎರಡು ವರ್ಷದ ಹಿಂದೆ, ಬೇಸಗೆಯ ಮೊದಲಿಗೆ, ಸರಕು ಖಾಲಿ ಮಾಡಿ ಪಣಂಬೂರಿನ ಹೊರಗೆ ಲಂಗರು ಹಾಕಿ ಮುಂದಿನ ಅಪ್ಪಣೆಗೆ ಕಾಯಿರಿ ಎಂದ ಮಾಲೀಕ ಫೋನ್ ಎತ್ತುವುದನ್ನು ನಿಲ್ಲಿಸಿದ. ಇಷ್ಟುದ್ದದ ಕರಾವಳಿಯಲ್ಲಿ ಅವನಿಗೆ ನಮ್ಮನ್ನು ಬಿಟ್ಟುಹೋಗಲು ಸಿಕ್ಕಿದ್ದು ನನ್ನ ಊರೇ.

ಜ್ವರ ಬಂದವರು, ಮನೆಯಲ್ಲಿ ಸಾವಾದವರು ಎಂದು ಒಬ್ಬೊಬ್ಬರೇ ಇಳಿದರು. ಕೊನೆಗೆ ನಾಲ್ಕು ಜನ ಉಳಿದೆವು: ತೂತುಕುಡಿಯ ವಯಸ್ಸಾದ ಕ್ಯಾಪ್ಟನ್, ಎಂಜಿನ್ ನೋಡುವ ಮಲ್ಪೆಯವ, ಒಡಿಶಾದ ಒಬ್ಬ ನಾವಿಕ, ನಾನು. ಅದಕ್ಕಿಂತ ಕಡಿಮೆ ಆಗುವಂತಿಲ್ಲ. ಲಂಗರು ಹಾಕಿದ ಹಡಗನ್ನು ಕಾಯುವವರಿಲ್ಲದೆ ಬಿಟ್ಟರೆ ಅದು ಬೇರೆ ಹಡಗಿನ ಮೇಲೆ ಹೋಗಿ ಬೀಳಬಹುದು. ಬದಲಿ ಜನ ಬಾರದೆ ಇಳಿಯಬೇಡಿ ಎಂದಿತ್ತು ಕಾನೂನು. ಬದಲಿ ಜನರನ್ನು ಕಳಿಸಬೇಕಾದವನು ಮಾಲೀಕ.

ಹಡಗಿನ ಮೇಲಿನ ಅಂತಸ್ತಿನ ಒಂದು ಮೂಲೆಯಲ್ಲಿ ಫೋನಿಗೆ ಸಿಗ್ನಲ್ ಸಿಗುತ್ತಿತ್ತು. ಸಂಜೆ ಹೊತ್ತು ಕಾವೂರಿನಿಂದ ಹೆಂಡತಿ ಮಾತಾಡುತ್ತಿದ್ದಳು.

“ಈಗ ನಮ್ಮ ಮನೆ ಮೇಲೆ ಒಂದು ವಿಮಾನ ಹೋಯ್ತು. ನಿಮಗೆ ಕಂಡಿತಾ?”

“ಕಂಡಿತು. ನಮ್ಮ ತಲೆ ಮೇಲಿಂದಲೇ ಬಂದದ್ದು.”

“ದುಬೈಯಿಂದ ಬಂದವರು ಇನ್ನು ಅರ್ಧ ಗಂಟೆಯಲ್ಲಿ ಮನೆ ಸೇರ್ತಾರೆ. ನೀವು ಇಲ್ಲಿಯೇ ಇದ್ದೀರಿ, ಬರ್ಲಿಕ್ಕೆ ಆಗುದಿಲ್ಲ. ಊಟ ಎಂತ?”

“ಊಟ ಉಂಟು. ಮೀನು ಉಂಟು. ನೀನು ತಲೆಬಿಸಿ ಮಾಡ್ಬೇಡ.”

ಊಟ ಎಂದರೆ ಗಂಜಿ. ಆ ಗಂಜಿಯೂ ತುಕ್ಕಿನ ಕೆಂಪು. ಜನರೇಟರಿಗೆ ಡೀಸೆಲ್ ಮುಗಿದ ಮೇಲೆ ಕತ್ತಲಾದರೆ ಕತ್ತಲೆಯೇ, ಉಳಿದ ಒಂದು ಬ್ಯಾಟರಿ ಫೋನ್ ಚಾರ್ಜಿಗೆ ಮಾತ್ರ. ಲಂಗರು ಎತ್ತುವ ಯಂತ್ರ ಸತ್ತಿತ್ತು, ನೀರಿನ ಪಂಪು ಸತ್ತಿತ್ತು. ಟ್ಯಾಂಕಿನ ತಳದಿಂದ ಬಕೆಟ್ ಇಳಿಸಿ ಎತ್ತಿದ ನೀರನ್ನು ಪಂಚೆಯಲ್ಲಿ ಸೋಸಿ ಕುಡಿಯುತ್ತಿದ್ದೆವು. ಬಾಯಿ ಒಣಗಿ ನಾಲಗೆ ಅಂಟಿಕೊಳ್ಳುತ್ತಿತ್ತು. ಒಡಿಶಾದವ ಮಾತಾಡುವುದನ್ನೇ ಬಿಟ್ಟ. ದಡದ ಕಡೆ ಮುಖ ಮಾಡಿ ಕೂರುತ್ತಿದ್ದ, ಸಂಜೆಯಾದರೂ ಅಲ್ಲೇ. ಕ್ಯಾಪ್ಟನ್ ದಿನಾ ಬೆಳಿಗ್ಗೆ ಬಿಳಿ ಶರ್ಟು ಹಾಕಿ ಮಾಲೀಕನ ನಂಬರಿಗೆ ಒಂದು ಸಲ ಫೋನ್ ಮಾಡಿ, ಶರ್ಟು ತೆಗೆದು ಮಡಚಿಡುತ್ತಿದ್ದರು.

ಹೆಂಡತಿಯ ತಮ್ಮ ಮೀನಿನ ಬೋಟಿನಲ್ಲಿ ದುಡಿಯುತ್ತಾನೆ. ಒಂದು ದಿನ ಅವನ ಬೋಟು ನಮ್ಮ ಪಕ್ಕಕ್ಕೆ ಬಂತು.

“ಭಾವ! ಎಂತ ಬೇಕು ಹೇಳಿ. ಅಕ್ಕ ಮನೆಯಲ್ಲಿ ಕಣ್ಣೀರು ಹಾಕಿ ಕೂಗ್ತಾ ಇದ್ದಾಳೆ.”

“ಎಂತ ಬೇಡ. ಎಲ್ಲ ಉಂಟು.”

ಬೆನ್ನ ಹಿಂದೆ ಮಲ್ಪೆಯವ ನಕ್ಕ. “ಹೌದು ಹೌದು, ಎಲ್ಲ ಉಂಟು. ಶುಕ್ರವಾರ ಬಾ, ಬಿರಿಯಾನಿ ಕೊಡ್ತೇವೆ.”

“ಕ್ಯಾನಲ್ಲಿ ನೀರು ತಂದಿದ್ದೇನೆ ಭಾವ, ಅಕ್ಕಿ ಉಂಟು. ಹಗ್ಗ ಬಿಡಿ, ಕಟ್ಟಿ ಕೊಡ್ತೇನೆ.”

“ಪುಕ್ಕಟೆ ಬೇಡ.”

“ನಿಮ್ಮ ಹೆಂಡತಿ ಕೊಟ್ಟ ಅಕ್ಕಿ ಮಾರಾಯ್ರೆ!”

“ಅಕ್ಕಿ ಅವಳದ್ದು. ಬೋಟು ನಿನ್ನದಲ್ಲ, ಡೀಸೆಲ್ ನಿನ್ನದಲ್ಲ. ಉಳಿದವರು ನಿನ್ನ ಮುಖ ನೋಡಿ ಸುಮ್ಮನಿದ್ದಾರೆ.”

“ನಿನ್ನ ಭಾವನ ಮಾನವನ್ನು ಟ್ಯಾಂಕಿಗೆ ತುಂಬಿಸಿದ್ರೆ ಜನರೇಟರ್ ಆರು ತಿಂಗಳು ಓಡ್ತಿತ್ತು” ಎಂದು ಮಲ್ಪೆಯವ ಕೆಳಗೆ ಕೂಗಿ ಹೇಳಿದ. ಬೋಟಿನವರೆಲ್ಲ ನಕ್ಕರು.

ನಾನು ಒಳಗೆ ಹೋಗಿ ಕೊಕ್ಕೆಯಿಂದ ಒಂದು ಸುರುಳಿ ಹಗ್ಗ ತಂದು ಬೋಟಿಗೆ ಎಸೆದೆ. ಆಮೇಲೆ ನೀರು ಏರಿಸಲು ಹೇಳಿದೆ. ಬೋಟಿನವರಿಗೆ ಖುಷಿಯಾಯಿತು. ಅಂಥ ಹಗ್ಗ ಅಂಗಡಿಯಲ್ಲಿ ಸಿಗುವುದಿಲ್ಲ. ಅಲ್ಲಿಂದ ಅವರು ಬಂದಾಗಲೆಲ್ಲ ನೀರು ಮೇಲೆ, ಒಂದು ಸುರುಳಿ ಕೆಳಗೆ. ಕೊಟ್ಟು ತೆಗೆದುಕೊಂಡ ನೀರು ಗಂಟಲಲ್ಲಿ ಸಲೀಸಾಗಿ ಇಳಿಯುತ್ತಿತ್ತು.

ಮೇ ಕೊನೆಗೆ ಹೆಂಡತಿಯ ತಮ್ಮ ಬಂದಾಗ ನಗಲಿಲ್ಲ. ಮಳೆಗಾಲಕ್ಕೆ ಮೀನುಗಾರಿಕೆ ನಿಲ್ಲುತ್ತದೆ, ಬೋಟುಗಳನ್ನೆಲ್ಲ ದಡಕ್ಕೆ ಕಟ್ಟುತ್ತಾರೆ.

“ಭಾವ, ನಾಳೆಯಿಂದ ಬೋಟ್ ಬಂದ್. ಇನ್ನು ಯಾರೂ ಬರುದಿಲ್ಲ. ಹಾರಿ. ಯಾರು ನೋಡ್ತಾರೆ? ಗಾಳಿ ಎದ್ದರೆ ಈ ಡಬ್ಬಿ ನಿಲ್ಲುದಿಲ್ಲ.”

ಅದು ನನಗೆ ಅವನಿಗಿಂತ ಚೆನ್ನಾಗಿ ಗೊತ್ತಿತ್ತು. ಖಾಲಿ ಟ್ಯಾಂಕರ್ ಎಂದರೆ ನೀರಿನ ಮೇಲಿನ ಖಾಲಿ ಬಾಟಲಿ. ಗಾಳಿ ಅದನ್ನು ಎತ್ತಿಕೊಂಡೇ ಹೋಗುತ್ತದೆ. ಸರಪಳಿ ತುಂಡಾದರೆ ಅಥವಾ ಲಂಗರು ಕಿತ್ತರೆ ತಣ್ಣೀರುಬಾವಿಯ ದಡಕ್ಕೆ ಬಡಿಯುವವರೆಗೆ ತಡೆಯುವುದು ಏನೂ ಇಲ್ಲ. ಅಂಥ ಅಲೆಯಲ್ಲಿ ಈಜಿ ಬದುಕಿದವರನ್ನು ನಾನು ಕಂಡಿಲ್ಲ.

“ಹೋಗು ಮಾರಾಯ” ಎಂದ ಮಲ್ಪೆಯವ. ಆಗ ಅವನ ದನಿಯಲ್ಲಿ ತಮಾಷೆ ಇರಲಿಲ್ಲ. “ನಿನಗೆ ಮನೆ ಕಾಣ್ತದೆ. ಒಬ್ಬನಾದ್ರೂ ಹೋಗು.”

ಕಟಕಟೆ ಹಿಡಿದು ನಿಂತೆ. ಕೆಳಗೆ ಬೋಟು ಏರಿ ಇಳಿಯುತ್ತಿತ್ತು. ಏರಿದಾಗ ಕಾಲು ಚಾಚಿದರೆ ಸಿಗುವಷ್ಟು ಹತ್ತಿರ. ಹಿಂದೆ ಮೂವರು. ಈ ಹಡಗಿನ ಹಗ್ಗ, ವಾಲ್ವ್, ಲಂಗರುಗಳನ್ನು ಮೊದಲಿನಿಂದ ಬಲ್ಲವನು ನಾನೊಬ್ಬ. ಒಳಗೆ ಹೋಗಿ ಉಳಿದಿದ್ದ ಕೊನೆಯ ಸುರುಳಿ ತಂದು ಎಸೆದೆ. “ನೀರು ಏರಿಸು” ಎಂದೆ. ಅವನು ನೀರು ಏರಿಸಿ, ನನ್ನ ಮುಖ ನೋಡದೆ ಬೋಟು ತಿರುಗಿಸಿದ.

ಜೂನ್ ಎರಡನೆಯ ವಾರ ಗಾಳಿ ಎದ್ದಿತು. ಬೆಳಿಗ್ಗೆ ಕ್ಯಾಪ್ಟನ್ ಸುರತ್ಕಲ್ಲಿನ ದೀಪಸ್ತಂಭಕ್ಕೆ ಕಣ್ಣಿಟ್ಟು ನಿಂತಿದ್ದರು. ಅದು ಇದ್ದಲ್ಲಿ ಇರಲಿಲ್ಲ. ಎಂದರೆ ನಾವು ಇದ್ದಲ್ಲಿ ಇರಲಿಲ್ಲ. ಲಂಗರು ಮರಳನ್ನು ಉತ್ತುಕೊಂಡು ದಡದ ಕಡೆ ಬರುತ್ತಿತ್ತು. ಕೈರೇಡಿಯೋದಲ್ಲಿ ಉಳಿದಿದ್ದ ಚಾರ್ಜಿನಲ್ಲಿ ಅವರು ಸಹಾಯ ಕೇಳಿದರು. 

ಬಂದರಿನಿಂದ ಟಗ್, ಹಡಗು ಎಳೆಯುವ ಬೋಟು, ಬಂತು. ಹತ್ತಿರ ಬರಲು ಅಲೆ ಬಿಡಲಿಲ್ಲ. ಎಳೆಯುವ ಹಗ್ಗ ನನ್ನ ತೊಡೆಯಷ್ಟು ದಪ್ಪ, ಒದ್ದೆಯಾದರೆ ನಾಲ್ಕು ಜನರಲ್ಲ, ನಲವತ್ತು ಜನರಿಂದಲೂ ಏಳುವುದಿಲ್ಲ. ನಮ್ಮ ಯಂತ್ರ ಸತ್ತಿದೆ. ಇದ್ದ ಉಪಾಯ ಒಂದೇ. ಟಗ್‌ನಿಂದ ಬಂದ ತೆಳು ಹಗ್ಗವನ್ನು ನಮ್ಮ ಮುಂಭಾಗದ ಕಬ್ಬಿಣದ ಗೂಟಕ್ಕೆ ಬಳಸಿ ತಿರುಗಿ ಟಗ್‌ಗೇ ಕಳಿಸಬೇಕು. ಆಗ ಅವರ ಯಂತ್ರ ಒಂದು ತುದಿ ಎಳೆದರೆ ಇನ್ನೊಂದು ತುದಿಯ ದಪ್ಪ ಹಗ್ಗ ನಮ್ಮ ಕಡೆ ಬರುತ್ತದೆ, ಬಾವಿಯ ರಾಟೆಯ ಹಾಗೆ. ಆದರೆ ಅವರ ತೆಳು ಹಗ್ಗ ಬರುವ ದಾರಿಗೆ ಮಾತ್ರ ಸಾಕಿತ್ತು. ಮರಳುವ ದಾರಿಯ ಹಗ್ಗ ನಮ್ಮದಾಗಬೇಕು.

ನಾನು ಹಗ್ಗದ ಕೋಣೆಗೆ ಓಡಿದೆ. ಏಕೆ ಓಡಿದೆನೋ. ಅಲ್ಲಿ ಕೊಕ್ಕೆಗಳಿದ್ದವು, ಅಷ್ಟೆ. ಬೇಕಾದ ಹಗ್ಗವೆಲ್ಲ ಹಳೆ ಬಂದರಿನಲ್ಲಿ ಬೋಟಿನ ಬಲೆಗೆ ಕಟ್ಟಿಕೊಂಡು ಮಳೆಗಾಲದ ರಜೆಯಲ್ಲಿತ್ತು.

ಮಲ್ಪೆಯವ ಬಾಗಿಲಲ್ಲಿ ನಿಂತು ಖಾಲಿ ಕೊಕ್ಕೆ ನೋಡಿದ. “ಹಗ್ಗ ಎಲ್ಲ ಕುಡಿದು ಮುಗಿಸಿದ್ದೇವೆ ಮಾರಾಯ” ಎಂದ. ನಕ್ಕನೋ ಅತ್ತನೋ ತಿಳಿಯಲಿಲ್ಲ.

ಆಮೇಲೆ ಕೈಗೆ ಸಿಕ್ಕಿದ್ದನ್ನೆಲ್ಲ ತಂದೆವು. ಬಟ್ಟೆ ಒಣಗಿಸುವ ಹಗ್ಗ, ಟಾರ್ಪಾಲಿನದು, ಜೀವರಕ್ಷಕ ಬಳೆಗಳದ್ದು. ಸಾಲಲಿಲ್ಲ. ಕ್ಯಾಪ್ಟನ್ ಬಾವುಟದ ಕಂಬದ ಹತ್ತಿರ ಹೋಗಿ, ಬಾವುಟ ಇಳಿಸಿ ಮಡಚಿ ಶರ್ಟಿನೊಳಗೆ ಇಟ್ಟುಕೊಂಡು, ಅದರ ಹಗ್ಗ ಕೊಯ್ದು ತಂದರು. ಎಲ್ಲವನ್ನೂ ಒಂದಕ್ಕೊಂದು ಗಂಟು ಹಾಕಿ, ಗೂಟ ಬಳಸಿ ಬಂದ ಅವರ ತೆಳು ಹಗ್ಗದ ತುದಿಗೆ ಸೇರಿಸಿದೆ. ಸಾರಂಗ ಕಂಡಿದ್ದರೆ ಕಾಲಲ್ಲಿ ಒದೆಯುತ್ತಿದ್ದ, ಅಷ್ಟು ಗಂಟು. ಟಗ್‌ನವರು ಅದರ ಇನ್ನೊಂದು ತುದಿ ಒಯ್ಯಲು ದಾರ ಎಸೆದರು. ಮೊದಲೆರಡು ಸಲ ಗಾಳಿ ಹೊತ್ತುಕೊಂಡು ಹೋಯಿತು, ಮೂರನೆಯದನ್ನು ಒಡಿಶಾದವ ಎದೆಗೆ ಅಪ್ಪಿ ಹಿಡಿದ. ಅದಕ್ಕೆ ನಮ್ಮ ಗಂಟುಹಗ್ಗ ಕಟ್ಟಿದೆವು. ಅವರ ಯಂತ್ರ ಎಳೆಯತೊಡಗಿತು.

ಹಗ್ಗ ಹೊರಹೋಗುವ ಕಬ್ಬಿಣದ ಕಿಂಡಿಯಲ್ಲಿ ಒಂದು ಗಂಟು ಸಿಕ್ಕಿಕೊಂಡಿತು. ಹಗ್ಗ ಬಿಗಿದು ಹಾಡತೊಡಗಿತು. ಇನ್ನೆರಡು ಉಸಿರಿನಲ್ಲಿ ತುಂಡಾಗುತ್ತದೆ, ಇನ್ನೊಂದು ಹಗ್ಗ ನಮ್ಮಲ್ಲಿಲ್ಲ, ಹಿಂದೆ ದಡದ ಅಲೆಯ ಸದ್ದು ಕೇಳುತ್ತಿತ್ತು. ನಾನು ಕೈ ಹಾಕಿ ಗಂಟನ್ನು ದೂಡಿದೆ. ಗಂಟು ದಾಟಿತು. ನನ್ನ ಎಡಗೈಯ ಎರಡು ಬೆರಳು ದಾಟಲಿಲ್ಲ.

ದಪ್ಪ ಹಗ್ಗ ಬಂತು, ಅದರ ಕುಣಿಕೆಯನ್ನು ಮೂವರು ಸೇರಿ ಗೂಟಕ್ಕೆ ಹಾಕಿ, ಲಂಗರಿನ ಸರಪಳಿಯನ್ನು ಸಮುದ್ರಕ್ಕೆ ಬಿಟ್ಟುಬಿಟ್ಟರು. ನಾನು ಒಂದು ಮೂಲೆಯಲ್ಲಿ ಕೂತು, ಹಡಗು ದಡದಿಂದ ಸಮುದ್ರದ ಕಡೆ ಸರಿಯುವುದನ್ನು ನೋಡಿದೆ.

ಬಂದರಿನೊಳಗೆ ನಮ್ಮನ್ನು ಇಳಿಸಿದರು. ಆಂಬುಲೆನ್ಸಿನಲ್ಲಿ ಹೆಂಡತಿ ಇದ್ದಳು. ಕೂಳೂರು ಸೇತುವೆಯ ಮೇಲೆ ವಾಹನಗಳು ಸಾಲುಗಟ್ಟಿ ನಿಂತಿದ್ದವು, ಸೈರನ್ನಿಗೆ ಯಾರೂ ಕದಲಲಿಲ್ಲ. ಕೆಳಗೆ ನದಿ ಕೆಂಪಾಗಿ ಹರಿಯುತ್ತಿತ್ತು.

“ನೋವುಂಟಾ?” ಎಂದಳು.

“ಇಲ್ಲ.”

“ಒಂದು ಸಲ ಉಂಟು ಹೇಳಿ. ಹೇಳಿದ್ರೆ ನಿಮ್ಮ ಹಡಗೇನೂ ಮುಳುಗುದಿಲ್ಲ.”

ಬಟ್ಟೆ ಸುತ್ತಿದ ಎಡಗೈಯನ್ನು ಎದೆಯ ಮೇಲೆ ಇಟ್ಟುಕೊಂಡೆ. ಆಮೇಲೆ, “ನೀರು ಬೇಕು” ಎಂದೆ.

ಅವಳು ಬಾಟಲಿಯ ಮುಚ್ಚಳ ತೆಗೆದು ನನ್ನ ಬಾಯಿಗೆ ಹಿಡಿದಳು. ನಾನು ಕುಡಿದೆ. ಅವಳಿಗೆ ಕೊಡಲು ನನ್ನ ಹತ್ತಿರ ಏನೂ ಇರಲಿಲ್ಲ.

ಹಡಗನ್ನು ಮಳೆಗಾಲ ಮುಗಿದ ಮೇಲೆ ಒಡೆಯುವ ಕಡೆ ಎಳೆದುಕೊಂಡು ಹೋದರು. ಮೂವರು ತಮ್ಮ ತಮ್ಮ ಊರಿಗೆ ಹೋದರು. ಮಲ್ಪೆಯವ ಆಗಾಗ ಫೋನ್ ಮಾಡಿ, “ಬಿರಿಯಾನಿ ಯಾವಾಗ?” ಎಂದು ಕೇಳುತ್ತಾನೆ. ಬೆರಳಿಲ್ಲದವನನ್ನು ಯಾವ ಹಡಗಿನವರೂ ಕೆಲಸಕ್ಕೆ ತೆಗೆದುಕೊಳ್ಳಲಿಲ್ಲ. ನೀರಿನ ಟ್ಯಾಂಕರ್ ಲಾರಿಯಲ್ಲಿ ಪಂಪು ನೋಡುವ ಕೆಲಸ ಸಿಕ್ಕಿದೆ. ಬೇಸಗೆಯಲ್ಲಿ ಕೊಡಿಯಾಲ್‌ಬೈಲಿನ ಫ್ಲ್ಯಾಟುಗಳಿಗೆ ನೀರು ಕೊಡುತ್ತೇವೆ. ಮೊನ್ನೆ ಹೆಂಡತಿಯ ತಮ್ಮ, ನಾನು ಬೋಟಿಗೆ ಎಸೆದಿದ್ದ ಹಗ್ಗದಲ್ಲಿ ಒಂದು ಸುರುಳಿ ತಂದು ಬಾಗಿಲಲ್ಲಿ ಇಟ್ಟ. ಅದಕ್ಕೆ ಬದಲಾಗಿ ನಾನು ಏನನ್ನೂ ಕೊಡಲಿಲ್ಲ. ಚಹಾ ಕುಡಿದು ಹೋದ.

ಈಗ ನನ್ನ ಬಳಿ ಇರುವುದು: ಕಾವೂರಿನಲ್ಲಿ ಎರಡು ಕೋಣೆಯ ಬಾಡಿಗೆ ಮನೆ, ಒಂದು ಹಳೆಯ ಸ್ಕೂಟರ್, ಹೆಂಡತಿ, ಒಂದು ಸುರುಳಿ ಹಗ್ಗ, ಎಂಟು ಬೆರಳು.